ಪ್ರಕಟವಾದ ಪ್ರಬಂಧದ ಮೇಲೆ ದೂರು ಬಂದಾಗ: ಜರ್ನಲ್ ಸಂಪಾದಕರಿಗೆ ಹಂತ ಹಂತದ ಮಾರ್ಗದರ್ಶಿ

'ನಿಮ್ಮ ಕಳೆದ ಸಂಚಿಕೆಯಲ್ಲಿ ಬಂದ ಪ್ರಬಂಧ ನನ್ನ ಪಿಎಚ್‌ಡಿ ಮಹಾಪ್ರಬಂಧದಿಂದ ಕದ್ದದ್ದು' ಎಂದು ಒಂದು ಇಮೇಲ್ ಬರುತ್ತದೆ. ಕಾಲೇಜು, ವಿಶ್ವವಿದ್ಯಾಲಯಗಳ ಸಣ್ಣ ಜರ್ನಲ್ ನಡೆಸುವವರು ಇಲ್ಲಿ ಮತ್ತೆ ಮತ್ತೆ ಮೂರು ತಪ್ಪು ಮಾಡುತ್ತಾರೆ. ಕೆಲವರು ಲೇಖಕರಿಗೆ ಫೋನ್ ಮಾಡಿ 'ಏನ್ ಸರ್ ಇದು' ಎಂದು ಕೇಳಿ ಅಲ್ಲಿಗೇ ಬಿಡುತ್ತಾರೆ. ಕೆಲವರು ದೂರಿನ ಇಮೇಲನ್ನು ಹಾಗೇ ಲೇಖಕರಿಗೆ ಫಾರ್ವರ್ಡ್ ಮಾಡುತ್ತಾರೆ. ಇನ್ನು ಕೆಲವರು ವೆಬ್‌ಸೈಟ್‌ನಿಂದ ಪಿಡಿಎಫ್ ತೆಗೆದುಹಾಕಿ ಸುಮ್ಮನಾಗುತ್ತಾರೆ.

ಮೂರನೆಯದೇ ದೊಡ್ಡ ತಪ್ಪು. ಆ ಪ್ರಬಂಧವನ್ನು ಆಗಲೇ ಡೌನ್‌ಲೋಡ್ ಮಾಡಿಕೊಂಡವರಿದ್ದಾರೆ, ತಮ್ಮ ಬರಹದಲ್ಲಿ ಉಲ್ಲೇಖಿಸಿದವರಿದ್ದಾರೆ. ಏನಾಯಿತೆಂದು ಅವರಿಗೆ ಗೊತ್ತೇ ಆಗುವುದಿಲ್ಲ. ಕದ್ದವರ ಬಯೋಡೇಟಾದಲ್ಲಿ ಪ್ರಕಟಣೆ ಹಾಗೇ ಉಳಿಯುತ್ತದೆ. ವರ್ಷಗಟ್ಟಲೆ ದುಡಿದು ಬರೆದವರಿಗೆ ಏನೂ ಸಿಗುವುದಿಲ್ಲ. ಶಿಕ್ಷೆ ಕೊಡುವುದು ಸಂಪಾದಕರ ಕೆಲಸ ಅಲ್ಲ. ಪ್ರಕಟವಾದ ದಾಖಲೆ ಸರಿ ಇರುವಂತೆ, ತಪ್ಪಿದ್ದರೆ ಆ ತಪ್ಪು ಎಲ್ಲರ ಕಣ್ಣಿಗೆ ಕಾಣುವಂತೆ ನೋಡಿಕೊಳ್ಳುವುದು ಅವರ ಕೆಲಸ. ಕೆಳಗಿನ ಹಂತಗಳೆಲ್ಲ ಅದಕ್ಕಾಗಿಯೇ ಇವೆ. ಕ್ರಮ ಬದಲಿಸಬೇಡಿ. ಅರ್ಧ ತೊಂದರೆ ಬರುವುದೇ ಕ್ರಮ ತಪ್ಪಿದಾಗ.

## ಶುರು ಮಾಡುವ ಮುಂಚೆ ಕೈಯಲ್ಲಿರಬೇಕಾದವು

ದೂರು ಬಂದ ಮೇಲೆ ನಿಯಮ ಬರೆಯಲು ಕೂತರೆ, ಆ ಒಬ್ಬ ಲೇಖಕರಿಗೋಸ್ಕರವೇ ನಿಯಮ ಮಾಡಿದಂತೆ ಕಾಣುತ್ತದೆ. ಹಾಗಾಗಿ ಇವು ಮೊದಲೇ ಸಿದ್ಧವಾಗಿರಲಿ.

- ನೀತಿ ಪುಟ. ಕೃತಿಚೌರ್ಯ, ಲೇಖಕತ್ವ, ಹಿತಾಸಕ್ತಿ ಸಂಘರ್ಷ, ಎಐ ಬಳಕೆ, ದೂರು ಮತ್ತು ಹಿಂಪಡೆಯುವಿಕೆ (ಪ್ರಕಟವಾದ ಪ್ರಬಂಧವನ್ನು ನೆಚ್ಚಬಾರದು ಎಂದು ಜರ್ನಲ್ ಬಹಿರಂಗವಾಗಿ ತಿಳಿಸುವುದು) ಬಗ್ಗೆ ನಿಮ್ಮ ಜರ್ನಲ್ ಏನು ಮಾಡುತ್ತದೆ ಎಂದು ವೆಬ್‌ಸೈಟ್‌ನಲ್ಲೂ ಅಚ್ಚಿನ ಸಂಚಿಕೆಯಲ್ಲೂ ಹಾಕಿ.
- ಜರ್ನಲ್ ಹೆಸರಿನ ಇಮೇಲ್. ಸಂಪಾದಕರ ಸ್ವಂತ ಜಿಮೇಲ್ ಬೇಡ. ಅವರು ಬದಲಾದ ದಿನ ಎಲ್ಲ ಪತ್ರವ್ಯವಹಾರವೂ ಅವರ ಜೊತೆ ಹೋಗಿಬಿಡುತ್ತದೆ.
- ಪ್ರತಿ ಪ್ರಬಂಧಕ್ಕೊಂದು ಫೋಲ್ಡರ್. ಮೊದಲು ಬಂದ ಹಸ್ತಪ್ರತಿ, ತಿದ್ದಿದ ಪ್ರತಿಗಳು, ಪರಾಮರ್ಶಕರ (ಪ್ರಕಟಿಸುವ ಮುಂಚೆ ಹಸ್ತಪ್ರತಿ ಓದಿ ಅಭಿಪ್ರಾಯ ಕೊಡುವ ವಿಷಯ ತಜ್ಞರ) ವರದಿಗಳು, ಲೇಖಕರು ಸಹಿ ಮಾಡಿದ ಘೋಷಣೆ, ಸ್ವೀಕೃತಿ ಪತ್ರ ಅದರಲ್ಲಿರಲಿ.
- ದೂರಿನ ರಿಜಿಸ್ಟರ್. ಒಂದು ಎಕ್ಸೆಲ್ ಹಾಳೆ ಸಾಕು. ತಾರೀಕು, ವಿಷಯ, ಮಾಡಿದ ಕೆಲಸ, ಮುಂದಿನ ಗಡುವು.
- ಹೋಲಿಕೆ ಪತ್ತೆ ತಂತ್ರಾಂಶ. ವಿಶ್ವವಿದ್ಯಾಲಯಗಳ ಗ್ರಂಥಾಲಯ ಜಾಲ ಕೇಂದ್ರವಾದ ಇನ್‌ಫ್ಲಿಬ್‌ನೆಟ್‌ನ ಶೋಧಶುದ್ಧಿ ಯೋಜನೆಯಲ್ಲಿ ಅನೇಕ ವಿಶ್ವವಿದ್ಯಾಲಯಗಳಿಗೆ ಇದು ಸಿಗುತ್ತದೆ. ನಿಮ್ಮ ಲೈಬ್ರರಿಯವರನ್ನು ಕೇಳಿ.
- ಕೋಪ್ ಫ್ಲೋಚಾರ್ಟ್‌ಗಳು. ಕೋಪ್ ಎಂದರೆ 1997ರಲ್ಲಿ ಬ್ರಿಟನ್‌ನಲ್ಲಿ ಸಂಪಾದಕರೇ ಸೇರಿ ಶುರು ಮಾಡಿದ ಕಮಿಟಿ ಆನ್ ಪಬ್ಲಿಕೇಷನ್ ಎಥಿಕ್ಸ್. ಯಾವ ಬಗೆಯ ದೂರಿಗೆ ಏನು ಮಾಡಬೇಕು ಎಂಬ ಅದರ ಚಾರ್ಟ್‌ಗಳು ಉಚಿತ. ಓದಲು ಸದಸ್ಯತ್ವ ಬೇಕಿಲ್ಲ. ಆದರೆ ಸದಸ್ಯರಲ್ಲದೆ ಅದರ ಲೋಗೋ ಹಾಕಿಕೊಳ್ಳಬೇಡಿ. ನೀತಿಯ ಪುಟದಲ್ಲೇ ಸುಳ್ಳು ಇದ್ದರೆ ಲೇಖಕರ ಪ್ರಾಮಾಣಿಕತೆ ಕೇಳುವ ಹಕ್ಕು ಎಲ್ಲಿ ಉಳಿಯಿತು?

ಇದೆಲ್ಲ ಈಗ ಮೊದಲಿಗಿಂತ ಜಾಸ್ತಿ ಬೇಕಾಗಿದೆ. ಯುಜಿಸಿ ತಾನು ಒಪ್ಪಿದ ಜರ್ನಲ್‌ಗಳ ಕೇರ್ ಪಟ್ಟಿಯನ್ನು 2025ರ ಫೆಬ್ರುವರಿಯಲ್ಲಿ ಕೈಬಿಟ್ಟಿತು. ಜರ್ನಲ್ ಒಳ್ಳೆಯದೋ ಅಲ್ಲವೋ ಎಂದು ಸಂಸ್ಥೆಗಳೇ ನೋಡಿಕೊಳ್ಳಬೇಕು. ನೋಡುವವರು ಮೊದಲು ತೆರೆಯುವುದು ನಿಮ್ಮ ನೀತಿ ಪುಟವನ್ನೇ.

## ಹಂತ 1: ದೂರು ಸಿಕ್ಕಿತು ಎಂದು ತಿಳಿಸಿ, ಎಲ್ಲವನ್ನೂ ಉಳಿಸಿಕೊಳ್ಳಿ

ಎರಡು ಮೂರು ದಿನದೊಳಗೆ ದೂರುದಾರರಿಗೆ ಉತ್ತರ ಹೋಗಲಿ. ಇಷ್ಟು ಸಾಕು: 'ನಿಮ್ಮ ಪತ್ರ ತಲುಪಿದೆ. ನಮ್ಮ ನೀತಿಯಂತೆ ಪರಿಶೀಲಿಸುತ್ತೇವೆ. ಪರಿಶೀಲನೆ ಮುಗಿಯಲು ಕೆಲವು ತಿಂಗಳು ಹಿಡಿಯಬಹುದು. ತೀರ್ಮಾನವನ್ನು ನಿಮಗೆ ತಿಳಿಸುತ್ತೇವೆ. ಯಾವ ಪುಟ, ಯಾವ ಮೂಲ ಎಂಬ ವಿವರ ಇದ್ದರೆ ಕಳಿಸಿ.' 'ಕ್ಷಮಿಸಿ, ತಪ್ಪಾಗಿದೆ' ಎಂದು ಬರೆಯಬೇಡಿ. 'ನಮ್ಮಲ್ಲಿ ಹಾಗೆಲ್ಲ ಆಗುವುದಿಲ್ಲ' ಎಂದೂ ಬರೆಯಬೇಡಿ. ನಿಮಗೆ ಇನ್ನೂ ಏನೂ ಗೊತ್ತಿಲ್ಲ.

ಅದೇ ದಿನ ಪ್ರಕಟಿತ ಪಿಡಿಎಫ್, ವೆಬ್ ಪುಟ, ಹಳೆಯ ಇಮೇಲ್‌ಗಳನ್ನೆಲ್ಲ ಒಂದು ಫೋಲ್ಡರ್‌ಗೆ ನಕಲು ಮಾಡಿ. ವೆಬ್‌ಸೈಟ್ ನೋಡಿಕೊಳ್ಳುವವರಿಗೆ ಒಂದು ಸಾಲು ಬರೆಯಿರಿ: 'ಮುಂದಿನ ಸೂಚನೆ ಬರುವವರೆಗೆ ಈ ಪುಟ ಮುಟ್ಟಬೇಡಿ.'

ಹೆಸರು ಹಾಕದೆ ಬರೆದ ದೂರಾದರೆ? ಹೆಸರಿಲ್ಲ ಎಂಬ ಒಂದೇ ಕಾರಣಕ್ಕೆ ಕಸಕ್ಕೆ ಹಾಕಬೇಡಿ. ತಮ್ಮ ಗೈಡ್ ಮೇಲೆ, ವಿಭಾಗದ ಮುಖ್ಯಸ್ಥರ ಮೇಲೆ ದೂರು ಬರೆಯುವ ಸಂಶೋಧನಾ ವಿದ್ಯಾರ್ಥಿಗೆ ಹೆಸರು ಹೇಳುವ ಧೈರ್ಯ ಎಲ್ಲಿಂದ ಬರಬೇಕು, ಅಲ್ವಾ? ದೂರಿನಲ್ಲಿ ಪರಿಶೀಲಿಸಬಹುದಾದ ವಿಷಯ ಇದೆಯೇ ಎಂದಷ್ಟೇ ನೋಡಿ. ಹೆಸರು ಹಾಕಿದ್ದರೂ ಅದನ್ನು ಲೇಖಕರಿಗೆ ತಿಳಿಸಬೇಡಿ. ದೂರನ್ನು ಫಾರ್ವರ್ಡ್ ಮಾಡಬಾರದು ಎನ್ನುವುದು ಇದಕ್ಕೇ.

## ಹಂತ 2: ಈ ದೂರನ್ನು ನೋಡಬೇಕಾದವರು ನೀವೇನಾ?

ಆರೋಪ ಹೊತ್ತ ಲೇಖಕರು ನಿಮ್ಮ ವಿದ್ಯಾರ್ಥಿಯೇ? ನಿಮ್ಮ ಗೈಡೇ? ನಿಮ್ಮ ಬಡ್ತಿಯ ಫೈಲಿಗೆ ಸಹಿ ಹಾಕುವವರೇ? ಜೊತೆಯಲ್ಲಿ ಪುಸ್ತಕ ತಂದವರೇ? ಒಂದಕ್ಕೆ ಹೌದು ಎಂದಾದರೂ ದೂರನ್ನು ಸಂಪಾದಕ ಮಂಡಳಿಯ ಇನ್ನೊಬ್ಬರಿಗೆ ಬರಹದಲ್ಲಿ ಒಪ್ಪಿಸಿ, ನೀವು ಹಿಂದೆ ಸರಿಯಿರಿ. ಸಂಸ್ಥೆಯ ಜರ್ನಲ್‌ಗಳಲ್ಲಿ ಲೇಖಕರು, ಸಂಪಾದಕರು, ಪರಾಮರ್ಶಕರು ಮೂವರೂ ಒಂದೇ ಕಾರಿಡಾರಿನವರು ಆಗಿರುವುದು ಮಾಮೂಲು. ಹಾಗಿದ್ದಾಗ ಹೊರಗಿನ ವಿಶ್ವವಿದ್ಯಾಲಯದ ಒಬ್ಬ ಸದಸ್ಯರನ್ನು ಈ ಕೆಲಸಕ್ಕೆಂದೇ ಮೊದಲೇ ನೇಮಿಸಿಟ್ಟುಕೊಳ್ಳುವುದು ಒಳ್ಳೆಯದು.

ದೂರು ಸಂಪಾದಕರ ಮೇಲೆಯೇ ಇದ್ದರೆ ಅದು ನೇರವಾಗಿ ಪ್ರಕಾಶಕರಿಗೆ ಹೋಗಬೇಕು. ಪ್ರಕಾಶಕರು ಎಂದರೆ ಸಾಮಾನ್ಯವಾಗಿ ಪ್ರಾಂಶುಪಾಲರು, ಕುಲಸಚಿವರು ಅಥವಾ ಪ್ರಸಾರಾಂಗದ ನಿರ್ದೇಶಕರು. ಅವರ ವಿಳಾಸವನ್ನೂ ನೀತಿ ಪುಟದಲ್ಲಿ ಕೊಡಿ.

## ಹಂತ 3: ಸ್ವತಃ ಪರಿಶೀಲಿಸಿ

ಜಾಸ್ತಿ ಸಮಯ ಬೇಡುವ ಹಂತ ಇದು. ಎಲ್ಲರೂ ಅವಸರ ಮಾಡುವುದೂ ಇಲ್ಲೇ.

ಶೇಕಡಾವಾರು ಅಂಕಿ ತೀರ್ಪು ಅಲ್ಲ. ಯುಜಿಸಿಯ 2018ರ ನಿಯಮಗಳಲ್ಲಿ ಹೋಲಿಕೆಯನ್ನು ಶೇ 10ರವರೆಗೆ, 10ರಿಂದ 40, 40ರಿಂದ 60, 60ಕ್ಕಿಂತ ಮೇಲೆ ಎಂದು ನಾಲ್ಕು ಮಟ್ಟ ಮಾಡಿದ್ದಾರೆ. ಅದು ಸಂಸ್ಥೆ ಯಾವ ಶಿಕ್ಷೆ ಕೊಡಬೇಕು ಎನ್ನುವುದಕ್ಕೆ. ನಿಮ್ಮ ಪ್ರಶ್ನೆ ಬೇರೆ: ಈ ಪ್ರಬಂಧ ತನ್ನದು ಎಂದು ಹೇಳಿಕೊಳ್ಳುವ ಮಾತು ನಿಜವಾಗಿ ಯಾರದು? ಶೇ 8ರಷ್ಟೇ ಹೋಲಿಕೆ ಇದ್ದರೂ ಆ ಎಂಟರಲ್ಲೇ ಪ್ರಬಂಧದ ಮುಖ್ಯ ವಾದ ಇರಬಹುದು. ಶೇ 35 ಇದ್ದರೂ ಅದೆಲ್ಲ ಉದ್ಧರಿಸಿದ ಶಾಸನ ಪಾಠ, ಗ್ರಂಥಸೂಚಿ ಆಗಿರಬಹುದು. ಮೂಲ ಹೇಳಿ ಉದ್ಧರಿಸಿದ್ದು, ಗ್ರಂಥಸೂಚಿ, ವಿಷಯಸೂಚಿಗಳನ್ನು ಆ ನಿಯಮಗಳೇ ಲೆಕ್ಕದಿಂದ ಹೊರಗಿಡುತ್ತವೆ. ಹಾಗಾಗಿ ವರದಿಯ ಮೊದಲ ಪುಟದ ಅಂಕಿ ನೋಡಿ ಮುಚ್ಚಬೇಡಿ. ಬಣ್ಣ ಹಚ್ಚಿದ ಒಂದೊಂದು ಭಾಗವನ್ನೂ ಓದಿ.

ಕನ್ನಡ ಪ್ರಬಂಧದಲ್ಲಿ ಮೊದಲು ಫಾಂಟ್ ನೋಡಿ. ನುಡಿ, ಬರಹದ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ತೆರೆಯ ಮೇಲೆ ಕನ್ನಡವಾಗಿ ಕಾಣುತ್ತದೆ. ಫೈಲಿನ ಒಳಗೆ ಅದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಾಲು. ತಂತ್ರಾಂಶಕ್ಕೆ ಅದು ಕನ್ನಡ ಎಂದೇ ತಿಳಿಯುವುದಿಲ್ಲ. ಇಡೀ ಪ್ರಬಂಧ ಕದ್ದಿದ್ದರೂ ವರದಿಯಲ್ಲಿ ಸೊನ್ನೆ ಬರಬಹುದು. ಪರೀಕ್ಷೆ ಸುಲಭ: ಪಿಡಿಎಫ್‌ನ ಒಂದು ಪ್ಯಾರಾ ನಕಲು ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ. ಕನ್ನಡ ಬರದೆ ಅರ್ಥವಿಲ್ಲದ ಅಕ್ಷರಗಳು ಬಂದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ತಂತ್ರಾಂಶಕ್ಕೆ ಕೊಡಿ. ಇನ್ನು ಮುಂದೆ ಹಸ್ತಪ್ರತಿಗಳನ್ನು ಯೂನಿಕೋಡ್‌ನಲ್ಲೇ ಕಳಿಸಬೇಕು ಎಂಬ ನಿಯಮವನ್ನೂ ಸೇರಿಸಿ.

ಅನುವಾದಿಸಿ ಕದ್ದದ್ದು ತಂತ್ರಾಂಶಕ್ಕೆ ಸುಲಭವಾಗಿ ಸಿಗುವುದಿಲ್ಲ. ಇಂಗ್ಲಿಷ್ ಲೇಖನವನ್ನು ಕನ್ನಡಕ್ಕೆ ತಂದು ಸ್ವಂತದ್ದೆಂದು ಕೊಟ್ಟಿದ್ದರೆ, ಅಥವಾ ಇಂಟರ್‌ನೆಟ್‌ನಲ್ಲಿ ಇಲ್ಲದ ಹಳೆಯ ಪುಸ್ತಕದಿಂದ ತೆಗೆದಿದ್ದರೆ, ಎರಡನ್ನೂ ಎದುರಿಗಿಟ್ಟು ನೀವೇ ಓದಬೇಕು. ಈ ಲಕ್ಷಣಗಳನ್ನು ಹುಡುಕಿ:

- ಉದಾಹರಣೆಗಳು ಎರಡರಲ್ಲೂ ಅದೇ ಕ್ರಮದಲ್ಲಿ ಬರುತ್ತವೆ.
- ಮೂಲದ ತಪ್ಪು ಇಸವಿ, ತಪ್ಪು ಹೆಸರು, ಅಚ್ಚಿನ ದೋಷ ಇಲ್ಲೂ ಇದೆ.
- ಒಂದು ಕೃತಿಯ ಪುಟ ಸಂಖ್ಯೆ ಗ್ರಂಥಸೂಚಿಯಲ್ಲಿ ಕೊಟ್ಟ ಮುದ್ರಣಕ್ಕೆ ಹೊಂದುವುದಿಲ್ಲ, ಹಳೆಯ ಮುದ್ರಣಕ್ಕೆ ಹೊಂದುತ್ತದೆ.
- ಪಠ್ಯದಲ್ಲಿ ಹೆಸರಿಸಿದ ಲೇಖಕರು ಗ್ರಂಥಸೂಚಿಯಲ್ಲಿ ಇಲ್ಲ.
- ನಡುವೆ ಎರಡು ಪುಟ ಮಾತ್ರ ಶೈಲಿ ಪೂರ್ತಿ ಬದಲಾಗಿದೆ.

ಇಂಗ್ಲಿಷ್ ಪ್ರಬಂಧಗಳಲ್ಲಿ ಇನ್ನೊಂದು ಲಕ್ಷಣ ಇದೆ. ತಂತ್ರಾಂಶದ ಕಣ್ಣು ತಪ್ಪಿಸಲು ಪದ ಬದಲಿಸುವ ಸಾಧನಗಳನ್ನು ಬಳಸುತ್ತಾರೆ. ಆಗ 'ಬ್ರೆಸ್ಟ್ ಕ್ಯಾನ್ಸರ್' ಎಂಬುದು 'ಬೂಸಮ್ ಪೆರಿಲ್' ಆಗಿಬಿಡುತ್ತದೆ, 'ಆರ್ಟಿಫಿಶಿಯಲ್ ಇಂಟೆಲಿಜೆನ್ಸ್' ಎಂಬುದು 'ಕೌಂಟರ್‌ಫಿಟ್ ಕಾನ್ಷಿಯಸ್‌ನೆಸ್' ಆಗುತ್ತದೆ. ಇಂಥ ಒಂದು ಪದಗುಚ್ಛ ಕಂಡರೂ ಇಡೀ ಪ್ರಬಂಧವನ್ನು ಅನುಮಾನದಿಂದ ನೋಡಿ.

ಕೊನೆಗೆ ಒಂದು ಹೋಲಿಕೆ ಪಟ್ಟಿ ಮಾಡಿ. ಎಡಗಡೆ ಮೂಲ, ಪುಟ ಸಂಖ್ಯೆ ಸಹಿತ. ಬಲಗಡೆ ನಿಮ್ಮ ಜರ್ನಲ್‌ನ ಪಠ್ಯ. ನಿಮ್ಮ ಅಭಿಪ್ರಾಯ ಒಂದು ಸಾಲೂ ಬೇಡ. ಮುಂದಿನ ಎಲ್ಲ ಪತ್ರಗಳಿಗೂ ಇದೇ ಆಧಾರ.

ದೂರು ಬೇರೆ ಬಗೆಯದಾದರೆ ಪರಿಶೀಲನೆಯೂ ಬೇರೆ. ದತ್ತಾಂಶ ಅಥವಾ ಚಿತ್ರಗಳ ಬಗ್ಗೆ ಅನುಮಾನ ಇದ್ದರೆ ಮೂಲ ದತ್ತಾಂಶ ಕೇಳಬೇಕು. ಮನುಷ್ಯರ ಮೇಲಿನ ಅಧ್ಯಯನವಾದರೆ ನೈತಿಕ ಸಮಿತಿಯ ಅನುಮೋದನೆ ಪತ್ರ, ಔಷಧ ಪ್ರಯೋಗವಾದರೆ ಸಿಟಿಆರ್‌ಐ (ಭಾರತದ ವೈದ್ಯಕೀಯ ಪ್ರಯೋಗಗಳ ನೋಂದಣಿ ದಾಖಲೆ) ನೋಂದಣಿ ಸಂಖ್ಯೆ ಮತ್ತು ತಾರೀಕು ನೋಡಿ. ಪ್ರಯೋಗ ಶುರುವಾದ ಮೇಲೆ ನೋಂದಣಿ ಆಗಿದ್ದರೆ ಅದು ಎಚ್ಚರಿಕೆಯ ಗಂಟೆ.

'ನನ್ನ ಹೆಸರು ಬಿಟ್ಟಿದ್ದಾರೆ' ಎಂಬ ಲೇಖಕತ್ವದ ಜಗಳದಲ್ಲಿ ಸಂಪಾದಕರು ನ್ಯಾಯಾಧೀಶರಾಗಲು ಹೋಗಬಾರದು. ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ನಾಲ್ಕು ಅಳತೆಗಳನ್ನು ಇಟ್ಟುಕೊಂಡು ಪ್ರಶ್ನೆ ಕೇಳಬಹುದು. ಕೆಲಸದಲ್ಲಿ ಗಣನೀಯ ಪಾಲು, ಬರವಣಿಗೆ ಅಥವಾ ತಿದ್ದುವಿಕೆಯಲ್ಲಿ ಪಾಲು, ಕೊನೆಯ ಪ್ರತಿಗೆ ಒಪ್ಪಿಗೆ, ಇಡೀ ಕೆಲಸಕ್ಕೆ ಹೊಣೆ. ನಾಲ್ಕೂ ಇರಬೇಕು. ವಿಭಾಗದ ಮುಖ್ಯಸ್ಥರು ಎಂಬ ಕಾರಣಕ್ಕೆ ಹೆಸರು ಸೇರಿಸುವುದು ಇದರಲ್ಲಿ ಎಲ್ಲೂ ಇಲ್ಲ. ಚಾಟ್‌ಜಿಪಿಟಿಯಂಥ ಸಾಧನಗಳೂ ಲೇಖಕರಾಗಲಾರವು, ಏಕೆಂದರೆ ಅವು ಹೊಣೆ ಹೊರಲಾರವು. 2023ರಲ್ಲೇ ಕೋಪ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಜಗಳ ಬಗೆಹರಿಯದಿದ್ದರೆ ಅದು ಸಂಸ್ಥೆಗೆ ಹೋಗಬೇಕು.

## ಹಂತ 4: ಎಲ್ಲ ಲೇಖಕರಿಗೂ ಪತ್ರ ಬರೆಯಿರಿ

ಫೋನ್ ಬೇಡ, ವಾಟ್ಸ್ಆ್ಯಪ್ ಬೇಡ, ಸೆಮಿನಾರಿನಲ್ಲಿ ಸಿಕ್ಕಾಗ ಪಕ್ಕಕ್ಕೆ ಕರೆದು ಮಾತಾಡುವುದೂ ಬೇಡ. ಬರಹದಲ್ಲಿ ಇಲ್ಲದ್ದು ನಾಳೆ ಯಾರ ನೆನಪಿನಲ್ಲೂ ಇರುವುದಿಲ್ಲ. ಪತ್ರ ಮುಖ್ಯ ಲೇಖಕರಿಗೆ ಮಾತ್ರ ಹೋದರೆ ಸಾಲದು, ಸಹಲೇಖಕರಿಗೂ ಹೋಗಲಿ. ತಮ್ಮ ಹೆಸರಿನಲ್ಲಿ ಪ್ರಬಂಧ ಬಂದಿದೆ ಎಂಬುದೇ ಗೊತ್ತಿಲ್ಲದ ಸಹಲೇಖಕರು ಇಂಥ ಪತ್ರದಿಂದಲೇ ಪತ್ತೆಯಾಗುತ್ತಾರೆ.

ಮಾದರಿ ಇಲ್ಲಿದೆ:

'ಮಾನ್ಯರೇ, ನಮ್ಮ ಜರ್ನಲ್‌ನಲ್ಲಿ ಪ್ರಕಟವಾದ ನಿಮ್ಮ ಪ್ರಬಂಧದ ಕೆಲವು ಭಾಗಗಳಿಗೂ ಮೊದಲೇ ಪ್ರಕಟವಾದ ಒಂದು ಕೃತಿಗೂ ಹೋಲಿಕೆ ಇರುವುದು ನಮ್ಮ ಗಮನಕ್ಕೆ ಬಂದಿದೆ. ಹೋಲಿಕೆ ಪಟ್ಟಿ ಲಗತ್ತಿಸಿದೆ. ಇದರ ಬಗ್ಗೆ ನಿಮ್ಮ ವಿವರಣೆಯನ್ನು 21 ದಿನದೊಳಗೆ ಬರಹದಲ್ಲಿ ಕಳಿಸಲು ಕೋರುತ್ತೇವೆ. ಈ ಹಂತದಲ್ಲಿ ನಾವು ಯಾವ ತೀರ್ಮಾನಕ್ಕೂ ಬಂದಿಲ್ಲ.'

'ಕೃತಿಚೌರ್ಯ', 'ಕದ್ದಿದ್ದೀರಿ', 'ಮೋಸ' ಎಂಬ ಮಾತುಗಳು ಇದರಲ್ಲಿ ಇಲ್ಲ, ಗಮನಿಸಿ. ಕೊನೆಯ ವಾಕ್ಯ ಬರೀ ಮರ್ಯಾದೆಯ ಮಾತಲ್ಲ, ಅದು ನಿಜವಾಗಿರಬೇಕು. ದೂರುಗಳೂ ಸುಳ್ಳಿರುತ್ತವೆ. ಬಡ್ತಿಯ ಪೈಪೋಟಿಯಲ್ಲಿ ಬರೆದ ದೂರುಗಳೂ ಇರುತ್ತವೆ. ಕೆಲವೊಮ್ಮೆ ದೂರುದಾರರೇ ಲೇಖಕರ ಹಳೆಯ ಕರಡಿನಿಂದ ತೆಗೆದುಕೊಂಡಿರುತ್ತಾರೆ. ಯಾರು ಮೊದಲು ಬರೆದರು ಎಂಬ ತಾರೀಕುಗಳನ್ನು ಎರಡೂ ಕಡೆಯಿಂದ ಕೇಳಿ.

ಉತ್ತರ ನಾಲ್ಕು ಬಗೆಯಲ್ಲಿ ಬರುತ್ತದೆ. ವಿವರಣೆ ಒಪ್ಪುವಂತಿದ್ದರೆ ಹಂತ 6ಕ್ಕೆ ಹೋಗಿ. ತಪ್ಪು ಒಪ್ಪಿಕೊಂಡರೂ ಹಂತ 6. ವಿವರಣೆ ಸಾಲದಿದ್ದರೆ ಹಂತ 5. ಉತ್ತರವೇ ಬರದಿದ್ದರೆ ಒಮ್ಮೆ ನೆನಪಿಸಿ, ಬೇರೆ ಇಮೇಲ್ ಸಿಗುತ್ತದೆಯೇ ನೋಡಿ, ಆಮೇಲೆ ಹಂತ 5. ಮೌನವನ್ನು ತಪ್ಪೊಪ್ಪಿಗೆ ಎಂದು ಬರೆದುಕೊಳ್ಳಬೇಡಿ.

ವಕೀಲರ ನೋಟಿಸ್ ಬಂದರೆ ಹೆದರಿ ನಿಲ್ಲಿಸಬೇಡಿ. ಸಂಸ್ಥೆಯ ಕಾನೂನು ಸಲಹೆಗಾರರಿಗೆ ಇಡೀ ಫೈಲ್ ತೋರಿಸಿ. ಇಲ್ಲಿಯವರೆಗೆ ತೋರಿಸಬಹುದಾದ ಸಂಗತಿ ಬಿಟ್ಟು ಬೇರೇನನ್ನೂ ಬರೆದಿಲ್ಲವಾದರೆ ನಿಮ್ಮ ನೆಲ ಗಟ್ಟಿಯಾಗಿದೆ.

## ಹಂತ 5: ಸಂಸ್ಥೆಗೆ ಬರೆಯಿರಿ

ಮನುಷ್ಯರನ್ನು ವಿಚಾರಣೆ ಮಾಡುವ ಅಧಿಕಾರ ಜರ್ನಲ್‌ಗೆ ಇಲ್ಲ. ಪ್ರಯೋಗಾಲಯದ ಪುಸ್ತಕ ತರಿಸುವುದು, ಸಾಕ್ಷಿ ಕೇಳುವುದು ಲೇಖಕರು ಕೆಲಸ ಮಾಡುವ ಸಂಸ್ಥೆಗೆ ಮಾತ್ರ ಸಾಧ್ಯ. ಯುಜಿಸಿಯ 2018ರ ನಿಯಮಗಳ ಪ್ರಕಾರ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ವಿಭಾಗ ಮಟ್ಟದಲ್ಲಿ ಒಂದು, ಸಂಸ್ಥೆಯ ಮಟ್ಟದಲ್ಲಿ ಒಂದು ಶೈಕ್ಷಣಿಕ ಪ್ರಾಮಾಣಿಕತೆ ಸಮಿತಿ ಇರಬೇಕು. ಸಂಸ್ಥೆಯ ಮುಖ್ಯಸ್ಥರಿಗೆ ಬರೆದು, ವಿಷಯವನ್ನು ಆ ಸಮಿತಿಗೆ ಕಳಿಸಲು ಕೋರಿ. ಹೋಲಿಕೆ ಪಟ್ಟಿ ಮತ್ತು ಲೇಖಕರ ಉತ್ತರ ಲಗತ್ತಿಸಿ. ಪರಾಮರ್ಶಕರ ಹೆಸರು ಕಳಿಸಬೇಡಿ.

ಸಂಸ್ಥೆಯೂ ಉತ್ತರ ಕೊಡದೆ ತಿಂಗಳುಗಟ್ಟಲೆ ಎಳೆಯಬಹುದು. ಹಾಗೆಂದು ಓದುಗರನ್ನು ಕತ್ತಲೆಯಲ್ಲಿ ಇಡಬಾರದು. ಅದಕ್ಕೇ ಕಳವಳದ ಸೂಚನೆ, ಅಂದರೆ ಈ ಪ್ರಬಂಧದ ಮೇಲೆ ಅನುಮಾನ ಇದೆ ಎಂದು ಓದುಗರಿಗೆ ತಿಳಿಸುವ ಪ್ರಕಟಣೆ, ಎಂಬ ದಾರಿ ಇದೆ.

## ಹಂತ 6: ತೀರ್ಮಾನ

ಎದುರಿಗೆ ನಾಲ್ಕು ದಾರಿಗಳಿವೆ.

1. ಏನೂ ಬೇಡ. ದೂರಿನಲ್ಲಿ ಹುರುಳಿಲ್ಲ. ಇಬ್ಬರಿಗೂ ಬರಹದಲ್ಲಿ ತಿಳಿಸಿ ಮುಗಿಸಿ.
2. ತಿದ್ದುಪಡಿ. ಒಂದೆರಡು ಕಡೆ ಮೂಲ ಹೇಳಲು ಮರೆತಿದ್ದಾರೆ, ಪ್ರಬಂಧದ ಮುಖ್ಯ ವಾದ ಅವರದೇ. ಮೂಲಗಳನ್ನು ಸೇರಿಸಿ ತಿದ್ದುಪಡಿ ಪ್ರಕಟಿಸಿ.
3. ಕಳವಳದ ಸೂಚನೆ. ಗಂಭೀರ ಅನುಮಾನ ಇದೆ, ವಿಚಾರಣೆ ಮುಗಿದಿಲ್ಲ ಅಥವಾ ನಡೆಯುತ್ತಲೇ ಇಲ್ಲ.
4. ಹಿಂಪಡೆಯುವುದು. ಮುಖ್ಯ ಭಾಗ ಬೇರೆಯವರದು, ದತ್ತಾಂಶ ನಂಬುವಂತಿಲ್ಲ, ಅನುಮೋದನೆ ಇಲ್ಲದೆ ನಡೆದ ಅಧ್ಯಯನ, ಪರಾಮರ್ಶೆಯೇ ನಕಲಿ, ಅಥವಾ ಅದೇ ಪ್ರಬಂಧ ಬೇರೆಡೆ ಮೊದಲೇ ಬಂದಿದೆ.

ಮೋಸ ಸಾಬೀತಾದರೆ ಮಾತ್ರ ಹಿಂಪಡೆಯಬೇಕು ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಪ್ರಾಮಾಣಿಕ ತಪ್ಪಿನಿಂದ ಫಲಿತಾಂಶ ನಂಬಲಾಗದಂತೆ ಆಗಿದ್ದರೂ ಹಿಂಪಡೆಯಬೇಕು. ತಾವಾಗಿ ಮುಂದೆ ಬಂದು ತಪ್ಪು ತಿಳಿಸಿದ ಲೇಖಕರಿಗೆ ಇದರಿಂದ ಕಳಂಕ ತಟ್ಟಬಾರದು. ಸೂಚನೆಯಲ್ಲಿ ಅದನ್ನು ಎದ್ದು ಕಾಣುವಂತೆ ಬರೆಯಿರಿ.

ತಡ ಮಾಡಿದರೆ ಏನಾಗುತ್ತದೆ ಎನ್ನುವುದಕ್ಕೆ ವೈದ್ಯಕೀಯ ಜರ್ನಲ್ ಲ್ಯಾನ್ಸೆಟ್‌ನ ಎರಡು ಪ್ರಕರಣಗಳನ್ನು ಪಕ್ಕಪಕ್ಕ ಇಡಿ. ಮಕ್ಕಳಿಗೆ ದಡಾರ, ಮಂಗನಬಾವು, ರುಬೆಲ್ಲಾ ತಡೆಯಲು ಕೊಡುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಇದೆ ಎಂದು ಸೂಚಿಸಿದ ವೇಕ್‌ಫೀಲ್ಡ್ ಪ್ರಬಂಧ 1998ರಲ್ಲಿ ಬಂತು. 2004ರಲ್ಲಿ 13 ಲೇಖಕರ ಪೈಕಿ 10 ಮಂದಿ ಆ ವ್ಯಾಖ್ಯಾನವನ್ನು ಕೈಬಿಟ್ಟರು. ಪೂರ್ತಿ ಹಿಂಪಡೆದದ್ದು 2010ರಲ್ಲಿ. ಅಷ್ಟರಲ್ಲಿ ಲಸಿಕೆಯ ಭಯ ಮನೆಮನೆ ತಲುಪಿತ್ತು. 2020ರ ಮೇ 22ರಂದು ಅದೇ ಜರ್ನಲ್‌ನಲ್ಲಿ ಕೋವಿಡ್ ಮತ್ತು ಹೈಡ್ರಾಕ್ಸಿಕ್ಲೋರೋಕ್ವಿನ್ ಬಗ್ಗೆ ಸರ್ಜಿಸ್ಫಿಯರ್ ಕಂಪನಿಯ ದತ್ತಾಂಶದ ಮೇಲೆ ಬರೆದ ಪ್ರಬಂಧ ಬಂತು. ಸಂಶೋಧಕರು ಪ್ರಶ್ನೆ ಎತ್ತಿದರು, ಜೂನ್ ಮೊದಲಲ್ಲೇ ಕಳವಳದ ಸೂಚನೆ ಹೊರಟಿತು, ಜೂನ್ 4ಕ್ಕೆ ಪ್ರಬಂಧವನ್ನು ಹಿಂಪಡೆದರು. ಮೂಲ ದತ್ತಾಂಶ ತೋರಿಸಲು ಆಗದಿದ್ದದ್ದೇ ಕಾರಣ. ಪ್ರಕಟಿಸುವ ಮುಂಚೆಯೇ ಅದನ್ನು ಕೇಳಬೇಕಿತ್ತು. ಆದರೆ ತಪ್ಪು ಗೊತ್ತಾದ ಮೇಲೆ ಹೇಗೆ ನಡೆಯಬೇಕು ಎನ್ನುವುದಕ್ಕೆ ನನಗೆ ಇದು ಒಳ್ಳೆಯ ಮಾದರಿ ಎನಿಸುತ್ತದೆ.

## ಹಂತ 7: ಹಿಂಪಡೆಯುವ ಸೂಚನೆ ಬರೆದು ಪ್ರಕಟಿಸಿ

ಸೂಚನೆಯಲ್ಲಿ ಇಷ್ಟು ಇರಲೇಬೇಕು: ಪ್ರಬಂಧದ ಪೂರ್ತಿ ಶೀರ್ಷಿಕೆ, ಲೇಖಕರು, ಸಂಪುಟ, ಸಂಚಿಕೆ, ಪುಟ. ಕಾರಣ. ಹಿಂಪಡೆಯುತ್ತಿರುವವರು ಸಂಪಾದಕರೋ ಲೇಖಕರೋ ಪ್ರಕಾಶಕರೋ. ಲೇಖಕರು ಒಪ್ಪಿದ್ದಾರೆಯೇ ಇಲ್ಲವೇ. ತಾರೀಕು.

'ಅನಿವಾರ್ಯ ಕಾರಣಗಳಿಂದ ಹಿಂಪಡೆಯಲಾಗಿದೆ' ಎಂದು ಬರೆದರೆ ಬರೆಯದಿದ್ದಂತೆಯೇ. ಹೀಗೆ ಬರೆಯಿರಿ: 'ಈ ಪ್ರಬಂಧದ 4ರಿಂದ 9ನೇ ಪುಟಗಳ ಪಠ್ಯ, ಈ ಹಿಂದೆ ಪ್ರಕಟವಾದ ಇಂಥ ಕೃತಿಯ ಪಠ್ಯಕ್ಕೆ ಬಹುಪಾಲು ಹೊಂದುತ್ತದೆ. ಮೂಲವನ್ನು ಉಲ್ಲೇಖಿಸಿಲ್ಲ. ಆದ್ದರಿಂದ ಸಂಪಾದಕರು ಪ್ರಬಂಧವನ್ನು ಹಿಂಪಡೆದಿದ್ದಾರೆ. ಲೇಖಕರಿಗೆ ವಿವರಣೆಗೆ ಅವಕಾಶ ಕೊಡಲಾಗಿತ್ತು.' ಸಂಗತಿ ಇದೆ, ಬೈಗುಳ ಇಲ್ಲ.

ಪ್ರಕಟಿಸುವಾಗ ಪಾಲಿಸಬೇಕಾದದ್ದು:

- ಮೂಲ ಪಿಡಿಎಫ್ ಉಳಿಯಲಿ. ಪ್ರತಿ ಪುಟದ ಮೇಲೂ 'ಹಿಂಪಡೆಯಲಾಗಿದೆ' ಎಂಬ ಮುದ್ರೆ ಹಾಕಿ.
- ವೆಬ್ ಪುಟದ ಶೀರ್ಷಿಕೆಯ ಮೊದಲಿಗೂ ಅದೇ ಪದ ಸೇರಿಸಿ, ಸೂಚನೆಗೆ ಲಿಂಕ್ ಕೊಡಿ.
- ಸೂಚನೆ ಎಲ್ಲರಿಗೂ ಉಚಿತವಾಗಿ ಸಿಗಲಿ. ಚಂದಾ ಕೊಟ್ಟವರಿಗೆ ಮಾತ್ರ ಅಲ್ಲ.
- ಅಚ್ಚಿನ ಜರ್ನಲ್ ಆದರೆ ಮುಂದಿನ ಸಂಚಿಕೆಯಲ್ಲಿ ಪುಟ ಸಂಖ್ಯೆಯೊಂದಿಗೆ ಹಾಕಿ, ಪರಿವಿಡಿಯಲ್ಲೂ ಸೇರಿಸಿ.
- ಡಿಒಐ (ಪ್ರಬಂಧದ ಶಾಶ್ವತ ಆನ್‌ಲೈನ್ ಗುರುತು ಸಂಖ್ಯೆ) ಇದ್ದರೆ ಅಳಿಸಬೇಡಿ. ಡಿಒಐ ನೋಂದಾಯಿಸುವ ಸಂಸ್ಥೆಯಾದ ಕ್ರಾಸ್‌ರೆಫ್‌ಗೆ ಹಿಂಪಡೆದ ಮಾಹಿತಿ ಸೇರಿಸಿ. ಹಿಂಪಡೆದ ಪ್ರಬಂಧಗಳನ್ನು ಪಟ್ಟಿ ಮಾಡುವ ರಿಟ್ರಾಕ್ಷನ್ ವಾಚ್‌ನ ದತ್ತಕೋಶ 2023ರಿಂದ ಕ್ರಾಸ್‌ರೆಫ್ ಬಳಿಯೇ ಇದೆ, ಎಲ್ಲರಿಗೂ ಮುಕ್ತವಾಗಿದೆ.

ಪಿಡಿಎಫ್ ಪೂರ್ತಿ ತೆಗೆಯಬೇಕಾದ ಸಂದರ್ಭ ಅಪರೂಪ. ರೋಗಿಯ ಗುರುತು ಬಯಲಾಗಿದ್ದರೆ, ನ್ಯಾಯಾಲಯ ಆದೇಶಿಸಿದ್ದರೆ, ಓದಿ ಅನುಸರಿಸಿದವರ ಜೀವಕ್ಕೆ ಅಪಾಯ ಇದ್ದರೆ ತೆಗೆಯಿರಿ. ಆಗಲೂ ಶೀರ್ಷಿಕೆ, ಲೇಖಕರ ಹೆಸರು, ತೆಗೆದ ಕಾರಣ ಆ ಪುಟದಲ್ಲಿ ಉಳಿಯಬೇಕು.

## ಹಂತ 8: ಇದು ಒಳಗೆ ಬಂದ ದಾರಿ ಹುಡುಕಿ

ದೂರುದಾರರಿಗೆ, ಲೇಖಕರಿಗೆ, ಸಂಸ್ಥೆಗೆ ತೀರ್ಮಾನ ತಿಳಿಸಿ. ಆಮೇಲೆ ಫೋಲ್ಡರ್ ತೆರೆದು ಪರಾಮರ್ಶಕರ ವರದಿ ಓದಿ. 'ಚೆನ್ನಾಗಿದೆ, ಪ್ರಕಟಿಸಬಹುದು' ಎಂಬ ಒಂದೇ ಸಾಲು ಇತ್ತೇ? ಪರಾಮರ್ಶಕರ ಹೆಸರನ್ನು ಲೇಖಕರೇ ಸೂಚಿಸಿದ್ದರೇ? ಇಮೇಲ್ ಸಂಸ್ಥೆಯದಾಗಿತ್ತೇ? ವರದಿ ಒಂದೇ ದಿನದಲ್ಲಿ ಬಂದಿತ್ತೇ? 2014ರಲ್ಲಿ ಜರ್ನಲ್ ಆಫ್ ವೈಬ್ರೇಷನ್ ಆ್ಯಂಡ್ ಕಂಟ್ರೋಲ್ 60 ಪ್ರಬಂಧಗಳನ್ನು ಒಟ್ಟಿಗೆ ಹಿಂಪಡೆಯಿತು. ಅಲ್ಲಿ ನಕಲಿ ಹೆಸರು, ನಕಲಿ ಇಮೇಲ್‌ಗಳಿಂದ ಪರಾಮರ್ಶೆ ನಡೆದಿತ್ತು. ಹಾಗಾಗಿ ಪರಾಮರ್ಶಕರ ವಿಳಾಸವನ್ನು ಅವರ ಸಂಸ್ಥೆಯ ವೆಬ್‌ಸೈಟ್‌ನಿಂದ ನೀವೇ ತೆಗೆದುಕೊಳ್ಳಿ. ಹಸ್ತಪ್ರತಿಯನ್ನು ಎಐ ಸಾಧನಕ್ಕೆ ಹಾಕಬಾರದು ಎಂದು ಅವರಿಗೆ ಬರಹದಲ್ಲಿ ತಿಳಿಸಿ.

ವಿಶೇಷ ಸಂಚಿಕೆಗಳ ಮೇಲೆ ಇನ್ನೂ ಜಾಸ್ತಿ ಕಣ್ಣಿಡಿ. 2023ರಲ್ಲಿ ಹಿಂದವಿ ಪ್ರಕಾಶನದ ಜರ್ನಲ್‌ಗಳು 8,000ಕ್ಕೂ ಹೆಚ್ಚು ಪ್ರಬಂಧಗಳನ್ನು ಹಿಂಪಡೆದವು. ಅವುಗಳಲ್ಲಿ ಬಹುಪಾಲು ಬಂದದ್ದು ಅತಿಥಿ ಸಂಪಾದಕರು ನಡೆಸಿದ ವಿಶೇಷ ಸಂಚಿಕೆಗಳಲ್ಲಿ. ವಿಚಾರ ಸಂಕಿರಣದ ಪ್ರಬಂಧಗಳನ್ನೆಲ್ಲ ಒಂದೇ ಕಂತೆಯಾಗಿ ಕೊಟ್ಟು 'ವಿಶೇಷ ಸಂಚಿಕೆ ತನ್ನಿ' ಎನ್ನುವುದು ನಮ್ಮಲ್ಲೂ ನಡೆಯುತ್ತದೆ. ಅತಿಥಿ ಸಂಪಾದಕರು ಯಾರೇ ಇರಲಿ, ಪ್ರತಿ ಪ್ರಬಂಧದ ಪರಾಮರ್ಶೆ ವರದಿ ಮುಖ್ಯ ಸಂಪಾದಕರ ಕೈ ಸೇರದೆ ಒಂದು ಪುಟವೂ ಅಚ್ಚಿಗೆ ಹೋಗಬಾರದು.

ಲೇಖಕರು ಮೇಲ್ಮನವಿ ಕೊಟ್ಟರೆ ಅದನ್ನು ಮೊದಲ ತೀರ್ಮಾನದಲ್ಲಿ ಪಾಲ್ಗೊಳ್ಳದ ಮಂಡಳಿ ಸದಸ್ಯರು ನೋಡಲಿ. ಹೊಸ ಸಾಕ್ಷ್ಯ ಇದ್ದರೆ ಮಾತ್ರ ತೆರೆಯಿರಿ. ಎಲ್ಲ ಮುಗಿದ ಮೇಲೆ ರಿಜಿಸ್ಟರ್‌ನಲ್ಲಿ ತಾರೀಕು ಹಾಕಿ ಮುಚ್ಚಿ, ಫೋಲ್ಡರ್ ಉಳಿಸಿ. ಕಾಲೇಜುಗಳಲ್ಲಿ ಸಂಪಾದಕರು ಆಗಾಗ ಬದಲಾಗುತ್ತಾರೆ. ಕೆಲಸ ಬಿಟ್ಟುಕೊಡುವ ದಿನ ರಿಜಿಸ್ಟರ್, ಫೋಲ್ಡರ್‌ಗಳು, ಜರ್ನಲ್ ಇಮೇಲ್‌ನ ಪಾಸ್‌ವರ್ಡ್ ಮೂರನ್ನೂ ಮುಂದಿನವರಿಗೆ ಸಹಿ ಪಡೆದು ಒಪ್ಪಿಸಿ. ಇನ್ನೂ ಮುಗಿಯದ ದೂರು ಇದ್ದರೆ ಅದು ಯಾವ ಹಂತದಲ್ಲಿದೆ, ಮುಂದಿನ ಗಡುವು ಯಾವತ್ತು ಎಂದು ಅದೇ ಹಾಳೆಯಲ್ಲಿ ಬರೆದುಕೊಡಿ.